ತೊಂಬತ್ತೆರಡಕ್ಕೆ ನಿಂತ ಗೆರೆ

ಕೂತಲ್ಲಿ ಕೂರುವ ಜೀವವಲ್ಲ ಅದು. ಹುಟ್ಟಿದಾಗಿನಿಂದಲೂ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಅವಳಿಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನಿಗೆ ಕಿವಿ ಕೇಳಿಸದು. ಅಕ್ಕನ ಮಾತೆಲ್ಲ ಕೈಯಲ್ಲಿ. ಕೈಮಾತಿನಲ್ಲಿ ಪ್ರತಿಯೊಬ್ಬರಿಗೂ ಬೇರೆಯೇ ಒಂದು ಹೆಸರು ಬೇಕು. ತಂಗಿಗೆ ಹೆಸರಿಡುವಾಗ ಅಕ್ಕ ಹೆಚ್ಚು ಯೋಚಿಸಲಿಲ್ಲ, ತೋರುಬೆರಳನ್ನು ನೆಲಕ್ಕೆ ಮಾಡಿ ಗಿರ್ರನೆ ತಿರುಗಿಸಿದಳು. ಮನೆಯವರು ಅದನ್ನು ಬಾಯಿಮಾತಿಗೆ ಇಳಿಸಿ ‘ಬುಗುರಿ’ ಎಂದರು. ಈಗ ಐವತ್ತಕ್ಕೆ ಎರಡೇ ವರ್ಷ ಬಾಕಿ. ಆದರೂ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಅವಳು ಬುಗುರಿಯೇ.

ಇಂಥವಳು ಹೊಟ್ಟೆಪಾಡಿಗೆ ಹಿಡಿದದ್ದು ವಿಡಿಯೊ ಎಡಿಟಿಂಗ್. ದಿನವಿಡೀ ಪರದೆಯ ಮುಂದೆ ಬೇರು ಬಿಟ್ಟಂತೆ ಕೂರಬೇಕಾದ ಕೆಲಸ. ಅವಳು ಮೇಜಿನ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರ ಮಾಡಿಕೊಂಡು ನಿಂತೇ ಕತ್ತರಿಸುತ್ತಿದ್ದಳು, ನಿಂತೇ ಅಂಟಿಸುತ್ತಿದ್ದಳು. ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಅವಳ ಕೋಣೆ. “ನನ್ನ ತಲೆ ಮೇಲೆ ದಿನಾ ಯಾರೋ ಊರಿಂದೂರಿಗೆ ನಡೆದು ಹೋಗ್ತಿರ್ತಾರೆ” ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಗಂಡ ರೈಲಿನ ಗಾರ್ಡ್, ವಾರಕ್ಕೆ ಮೂರು ದಿನ ಮನೆಯಲ್ಲಿ. ಇವಳ ಜೊತೆ ಬಾಳಲು ಓಡಾಡುವ ಕೆಲಸದವನೇ ಸರಿ ಎಂದು ನೆಂಟರು ನಗುತ್ತಿದ್ದರು.

ಕೆಲಸದಲ್ಲಿ ಮಾತ್ರ ಎತ್ತಿದ ಕೈ. ಒಂದೇ ಒಂದು ಚಾಳಿ: ಮುಗಿದದ್ದನ್ನು ಮುಗಿಯಿತು ಎನ್ನಲು ಅವಳಿಗೆ ಬಾಯಿ ಬಾರದು. “ಇನ್ನೊಂದೇ ಒಂದು” ಎನ್ನುತ್ತ ಕೊನೆಯ ಗಳಿಗೆಯವರೆಗೂ ತಿದ್ದುತ್ತಲೇ ಇರುತ್ತಿದ್ದಳು. ಅಂತಿಮ ಪ್ರತಿ ತೆಗೆಯುವುದು ಯಾವಾಗಲೂ ಕೊಡಬೇಕಾದ ದಿನದ ಬೆಳಿಗ್ಗೆಯೇ.

ಆ ಬೆಳಿಗ್ಗೆ ಕೊಡಬೇಕಾಗಿದ್ದ ಚಿತ್ರ ಟೀಚರದು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ನಲವತ್ತು ವರ್ಷ ಕಲಿಸಿದವರು. ಅಕ್ಕನಿಗೆ ಅಕ್ಷರ ಕೊಟ್ಟವರು. ಅವರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ವಯಸ್ಸು ಎಪ್ಪತ್ತೆಂಟು. ಶಾಲೆಯ ಹೊಸ ಸಭಾಂಗಣ ತೆರೆಯುವ ದಿನ ಅವರ ಬದುಕಿನ ಕಥೆಯನ್ನು ಅವರ ಕೈಯಿಂದಲೇ ಹೇಳಿಸಿ ತೋರಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಹಟ ಹಿಡಿದಿದ್ದರು. ಬುಗುರಿ ಕ್ಯಾಮೆರಾ ಇಟ್ಟಳು, ಟೀಚರ್ ಹೇಳಿದರು. ಐವತ್ತು ನಿಮಿಷದ ಚಿತ್ರ, ಕೆಳಗೆ ಆರುನೂರ ನಲವತ್ತು ಅಡಿಬರಹ.

ಆ ಅಡಿಬರಹಗಳೇ ಚಿತ್ರದ ಜೀವ. ಟೀಚರ್ ಹಳಬರು, ಅವರ ಎಷ್ಟೋ ಸನ್ನೆಗಳು ಇಂದಿನ ಮಕ್ಕಳಿಗೆ ತಿಳಿಯವು. ಕೆಲವನ್ನಂತೂ ಪುಸ್ತಕವೇ ಇಲ್ಲದ ಕಾಲದಲ್ಲಿ ತಾವೇ ಹುಟ್ಟಿಸಿದ್ದರು. ಅರ್ಥ ಗೊತ್ತಿದ್ದದ್ದು ಅವರೊಬ್ಬರಿಗೆ. ಹಾಗಾಗಿ ಎರಡು ತಿಂಗಳು, ಮಧ್ಯಾಹ್ನದ ಹೊತ್ತು, ಅವರು ಬುಗುರಿಯ ಪಕ್ಕ ಕುರ್ಚಿ ಹಾಕಿ ಕೂತು ಒಂದೊಂದು ಸಾಲನ್ನೂ ಓದಿ, ತಿದ್ದಿ, ಜಗಳವಾಡಿ ಒಪ್ಪಿದ್ದರು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಅವರು ಕೈಯಲ್ಲಿ ಹೇಳಿದ್ದು ನೇರವಾಗಿ ಕಂಪ್ಯೂಟರಿಗೆ.

ಕೊನೆಯ ಸಾಲು ಒಪ್ಪಿ ಹೋದ ಮೂರನೆಯ ದಿನ ಟೀಚರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬುದ್ಧಿ ನೆಟ್ಟಗೆ ಇತ್ತು, ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ಎಡಗೈಯಲ್ಲಿ ಒಮ್ಮೆ ಏನೋ ಹೇಳಲು ಹೋಗಿ, ಬೆರಳು ಹೇಳಿದ ಮಾತು ಕೇಳದೆ ಮುಖ ಸಿಂಡರಿಸಿ, ಕೈಯನ್ನು ಮಡಿಲಿಗೆ ಹಾಕಿಕೊಂಡವರು ಮತ್ತೆ ಎತ್ತಿರಲಿಲ್ಲ. ಹದಿನೈದು ದಿನವಾಯಿತು. ಹೂಂ ಎಂದರೆ ತಲೆ ಆಡಿಸುವುದು, ಬೇಡವೆಂದರೆ ಕಣ್ಣು ಮುಚ್ಚುವುದು, ಅಷ್ಟೇ.

ಬೆಳಿಗ್ಗೆ ಎಂಟಕ್ಕೆ ಬುಗುರಿ ಕೋಣೆಯ ಬೀಗ ತೆಗೆದಳು. ಪ್ರದರ್ಶನ ಸಂಜೆ ನಾಲ್ಕಕ್ಕೆ. ಅಂತಿಮ ಪ್ರತಿ ಹೊರಬರಲು ಒಂದು ಗಂಟೆ ಹತ್ತು ನಿಮಿಷ, ಶಾಲೆಗೆ ಇಪ್ಪತ್ತು ನಿಮಿಷದ ದಾರಿ. ಬೇಕಾದಷ್ಟು ಹೊತ್ತಿದೆ ಎಂದುಕೊಂಡು, ಕತ್ತರಿಸಿ ಅಂಟಿಸಿದ್ದೆಲ್ಲ ಕೂಡಿಟ್ಟಿದ್ದ ಪ್ರಾಜೆಕ್ಟ್ ತೆರೆದಳು. ಪರದೆಯ ನಡುವೆ ನೀಲಿ ಗೆರೆ ಎಡದಿಂದ ಬಲಕ್ಕೆ ಬೆಳೆಯಿತು. ಎಪ್ಪತ್ತು, ಎಂಬತ್ತು, ತೊಂಬತ್ತು. ತೊಂಬತ್ತೆರಡಕ್ಕೆ ಬಂದು ನಿಂತಿತು.

ಅವಳು ಕಿಟಕಿಯವರೆಗೆ ಹೋಗಿ ಬಂದಳು. ತೊಂಬತ್ತೆರಡು. ನೀರು ಕುಡಿದು ಬಂದಳು. ತೊಂಬತ್ತೆರಡು. ಮೌಸ್ ಒತ್ತಿದರೆ ಪರದೆಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡು, ತಂತ್ರಾಂಶ ಪ್ರತಿಕ್ರಿಯಿಸುತ್ತಿಲ್ಲ ಎಂಬ ಒಂದು ಸಾಲು ಬಂತು. ಬಲವಂತವಾಗಿ ಮುಚ್ಚಿ ಮತ್ತೆ ತೆರೆದಳು. ಮತ್ತೆ ಅಲ್ಲೇ ನಿಂತಿತು. ಕಂಪ್ಯೂಟರನ್ನೇ ಆರಿಸಿ, ಅದು ಉಸಿರು ತೆಗೆದುಕೊಳ್ಳಲಿ ಎಂದು ಐದು ನಿಮಿಷ ಬಿಟ್ಟು ಹಚ್ಚಿದಳು. ಜಪ್ಪಯ್ಯ ಎಂದರೂ ಗೆರೆ ತೊಂಬತ್ತಮೂರಾಗಲಿಲ್ಲ.

ಆದರೂ ಅವಳು ಪೂರ್ತಿ ಹೆದರಲಿಲ್ಲ. ತಂತ್ರಾಂಶ ತಾನಾಗಿಯೇ ಐದು ನಿಮಿಷಕ್ಕೊಂದು ನಕಲು ಉಳಿಸುವಂತೆ ಮಾಡಿಟ್ಟಿದ್ದಳು. ಆ ಕಡತಕೋಶ ತೆರೆದಳು. ಇಪ್ಪತ್ತು ನಕಲುಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ತೊಂಬತ್ತೆರಡಕ್ಕೆ ನಿಂತಿತು. ಎರಡನೆಯದೂ ಹಾಗೆಯೇ. ಏಳನೆಯದರ ಹೊತ್ತಿಗೆ ಅವಳಿಗೆ ವಿಷಯ ಹೊಳೆಯಿತು. ಇಪ್ಪತ್ತಾದ ಮೇಲೆ ಹಳೆಯದನ್ನು ಅಳಿಸು ಎಂದು ಹೇಳಿದ್ದವಳೂ ತಾನೇ. ಇಪ್ಪತ್ತು ನಕಲು, ಐದೈದು ನಿಮಿಷ: ಒಟ್ಟು ನೂರು ನಿಮಿಷ. ಅಂದರೆ ಎಲ್ಲವೂ ನಿನ್ನೆ ಸಂಜೆಯವು. ನಿನ್ನೆ ಸಂಜೆ ಏನು ಕೆಟ್ಟಿತೋ ಅದು ಇಪ್ಪತ್ತರಲ್ಲೂ ಕೂತಿತ್ತು. ಬೇರೆ ಡಿಸ್ಕಿನಲ್ಲಿದ್ದ ಪ್ರತಿ ಎರಡು ತಿಂಗಳು ಹಳೆಯದು. ಅದು ತೆರೆಯಿತು, ಆದರೆ ಅದರಲ್ಲಿದ್ದದ್ದು ಮೊದಲ ಎಂಟು ನಿಮಿಷದ ಅಡಿಬರಹ ಮಾತ್ರ. ಮುಂದೆ ಟೀಚರ್ ಮಾತಾಡುತ್ತಲೇ ಇದ್ದರು, ಕೆಳಗೆ ಏನೂ ಇರಲಿಲ್ಲ.

ಅಕ್ಷರವಿಲ್ಲದ ಪರದೆಯಲ್ಲಿ ಆಡುವ ಆ ಬಲಗೈಯನ್ನು ನೋಡಲಾಗದೆ ಅವಳು ಮುಚ್ಚಿಬಿಟ್ಟಳು.

ಹತ್ತು ಗಂಟೆಗೆ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದಳು.

“ಇವತ್ತು ಬರಕ್ಕಾಗಲ್ಲ ಮೇಡಂ, ಊರಾಚೆ ಇದ್ದೀನಿ. ಒಂದ್ ಕೆಲಸ ಮಾಡಿ. ಸಾಫ್ಟ್‌ವೇರ್ ಪೂರ್ತಿ ತೆಗೆದು ಹೊಸದಾಗಿ ಹಾಕಿ. ಹೊಸಾ ಆವೃತ್ತಿ ಬಂದಿದೆಯಲ್ಲ.”

“ಹಳೇ ಪ್ರಾಜೆಕ್ಟು ಅದ್ರಲ್ಲಿ ತೆರೆಯುತ್ತಾ?”

“ತೆರೆಯಬೇಕು.”

“ಬೇಕು ಅಂದ್ರೆ?”

“ತೆರೆದರೂ ತೆರೆಯಬಹುದು ಮೇಡಂ.”

ಫೋನ್ ಇಟ್ಟು ಕೋಣೆಯ ಉದ್ದಕ್ಕೂ ನಡೆದಳು. ಶಾಲೆಯ ಹೆಡ್‌ಮಿಸ್ ಕರೆ ಬಂತು: ಪ್ರೊಜೆಕ್ಟರ್ ಸಿದ್ಧವಿದೆ, ಟೀಚರನ್ನು ಕರೆತರಲು ವ್ಯಾನ್ ಹೇಳಿದೆ, ನೀವು ಮೂರೂವರೆಗೆ ಬಂದುಬಿಡಿ. “ಆಯ್ತು, ಬಂದೇಬಿಡ್ತೀನಿ” ಎಂದು ತನ್ನ ಬಾಯಿಂದ ಬಂದ ಮಾತು ಯಾರದೋ ಅನಿಸಿತು. ನಿಜ ಹೇಳಬೇಕಿತ್ತು. ಹೇಳಿದರೆ ಅದು ನಿಜವೇ ಆಗಿಬಿಡುತ್ತದೆ ಎಂಬ ಭಯ. ಒಂದು ಚಹಾ ಮಾಡಿ ಕುಡಿಯದೆ ಇಟ್ಟಳು, ಅದು ಆರಿತೆಂದು ಇನ್ನೊಂದು ಮಾಡಿ ಅದನ್ನೂ ಮರೆತಳು. ಕೆಳಗಿನಿಂದ ಬೀಗದವನ ಅರ ಕರ್ ಕರ್ ಎನ್ನುತ್ತಿತ್ತು; ಅದು ತನ್ನ ಹಲ್ಲಿನ ಮೇಲೆಯೇ ಓಡಿದ ಹಾಗೆ ಮೈಯೆಲ್ಲ ಜುಂ ಎಂದಿತು. ಹನ್ನೊಂದಾಗುತ್ತ ಬಂದಾಗ ತಡೆಯಲಾರದೆ ತಂತ್ರಾಂಶವನ್ನು ತೆಗೆದುಹಾಕುವ ಗುಂಡಿಯ ಮೇಲೆ ಬಾಣ ತಂದಿಟ್ಟಳು. ಖಂಡಿತವೇ ಎಂದು ಕಂಪ್ಯೂಟರ್ ಕೇಳಿತು.

ಅಷ್ಟರಲ್ಲಿ ಬಾಗಿಲು ತೆರೆದು ಅಕ್ಕ ಬಂದಳು.

ಅಕ್ಕ ಪುಸ್ತಕ ಹೊಲಿದು ರಟ್ಟು ಹಾಕುವ ಕೆಲಸದವಳು. ಸಂಜೆಯ ಕಾರ್ಯಕ್ರಮದ ಕಿರುಹೊತ್ತಗೆಗಳನ್ನು ತಾನೇ ಹೊಲಿದು ಎರಡು ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು. ತಂಗಿಯ ಮುಖ ನೋಡಿ ಚೀಲ ಕೆಳಗಿಟ್ಟಳು. ಬುಗುರಿ ಒಂದೇ ಉಸಿರಿಗೆ ಹೇಳತೊಡಗಿದಳು. ಕೈಗಳು ಒಂದರ ಮೇಲೊಂದು ಬಿದ್ದು, ಗೆರೆ, ನೂರು ನಿಮಿಷ, ರಿಪೇರಿಯವನು, ಟೀಚರ್ ಎಲ್ಲ ಕಲಸಿಹೋಯಿತು. ಅಕ್ಕ ಅವಳ ಎರಡೂ ಮಣಿಕಟ್ಟನ್ನು ಹಿಡಿದುಬಿಟ್ಟಳು. ಕೈಮಾತಿನವರಲ್ಲಿ ಹಾಗೆ ಹಿಡಿಯುವುದೆಂದರೆ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ. ತೀರ ಸಿಟ್ಟು ಬಂದಾಗ ಬಿಟ್ಟರೆ ಯಾರೂ ಮಾಡರು. ಬುಗುರಿಗೆ ಅಳು ಬಂತು.

ಅತ್ತು ಮುಗಿಯುವವರೆಗೆ ಹಿಡಿದೇ ಇದ್ದು, ಅಕ್ಕ ಕೈ ಬಿಟ್ಟು ಕೇಳಿದಳು: “ಈಗ ಒಂದೊಂದಾಗಿ ಹೇಳು. ಅದು ನಿಂತಾಗ ಏನು ಕಾಣುತ್ತೆ?”

“ಏನೂ ಕಾಣಲ್ಲ. ನಿಲ್ಲುತ್ತೆ.”

“ತೆರೆದು ತೋರಿಸು.”

ಬುಗುರಿ ತೆರೆದಳು. ಗೆರೆ ಹೊರಟಿದ್ದೇ ಅವಳು ಕಿಟಕಿಯ ಕಡೆಗೆ ಹೊರಟಳು. ಅದು ನಿಲ್ಲುವುದನ್ನು ಮತ್ತೆ ನೋಡುವ ಧೈರ್ಯ ಇರಲಿಲ್ಲ. ತಿರುಗಿ ಬಂದಾಗ ಅಕ್ಕ ಪರದೆಗೆ ಮೂಗು ತಾಗಿಸಿ ನಿಂತಿದ್ದಳು. “ಇನ್ನೊಂದ್ಸಲ” ಎಂದಳು. ಎರಡನೆಯ ಸಲವೂ ನೋಡಿ, ಮೂರನೆಯ ಸಲವೂ ನೋಡಿ, ಗೆರೆಯ ಕೆಳಗಿನ ಪುಟ್ಟ ಜಾಗದ ಮೇಲೆ ಬೆರಳಿಟ್ಟಳು.

“ಇಲ್ಲಿ ಹೆಸರುಗಳು ಬಂದು ಹೋಗ್ತಾವೆ. ನಿಲ್ಲೋ ಮುಂಚೆ ಕೊನೇದಾಗಿ ಉದ್ದನೇ ಹೆಸರು ಒಂದು ಬರುತ್ತೆ. ಮೂರು ಸಲವೂ ಅದೇ.”

“ಯಾವ ಹೆಸರು?”

“ಓದಕ್ಕೆ ಬಿಟ್ರೆ ತಾನೆ! ಕಣ್ಣು ಮಿಟುಕಿಸೋದ್ರೊಳಗೆ ಹೋಗಿ ಬೆಳ್ಳಗಾಗುತ್ತೆ. ಬೆಳಿಗ್ಗೆಯಿಂದ ನೀನು ನೋಡಲೇ ಇಲ್ವಾ?”

“ನಾನು ಕಿಟಕಿ ಹತ್ರ…”

“ಗೊತ್ತು, ಪೆರೇಡ್ ಮಾಡ್ತಿದ್ದೆ.”

ತಂತ್ರಾಂಶ ಪ್ರಾಜೆಕ್ಟನ್ನು ತೆರೆಯುವಾಗ ಅದರಲ್ಲಿರುವ ಒಂದೊಂದು ವಿಡಿಯೊವನ್ನೂ ಹುಡುಕಿ ಹೆಸರು ಹೇಳಿಕೊಂಡು ಹೋಗುತ್ತದೆ. ಇಪ್ಪತ್ತು ವರ್ಷ ಕಣ್ಣ ಮುಂದೆ ಓಡಿದ ಆ ಪುಟ್ಟ ಅಕ್ಷರಗಳನ್ನು ಬುಗುರಿ ಒಂದು ದಿನವೂ ಓದಿರಲಿಲ್ಲ. ಈಗ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫೋನನ್ನು ಪರದೆಗೆ ಹಿಡಿದು, ಗೆರೆ ಓಡುವುದನ್ನೇ ವಿಡಿಯೊ ತೆಗೆದಳು. ಆಮೇಲೆ ಆ ವಿಡಿಯೊವನ್ನು ಬೆರಳಲ್ಲಿ ಒಂದೊಂದೇ ಚಿತ್ರವಾಗಿ ಹಿಂದಕ್ಕೆ ಸರಿಸುತ್ತ ಬಂದಳು. ಬಿಳಿ, ಬಿಳಿ, ಬಿಳಿ. ಆಮೇಲೆ ತೊಂಬತ್ತೆರಡು, ಅದರ ಕೆಳಗೆ ಅಂಕಿಗಳ ಒಂದು ಸರಪಳಿ. ಅಕ್ಕ ತಂಗಿಯರಿಬ್ಬರೂ ತಲೆಗೆ ತಲೆ ತಾಗಿಸಿ ಓದಿದರು.

“ವೆಲ್ಡರ್ ಕಳಿಸಿದ್ದು!” ಎಂದಳು ಬುಗುರಿ.

ವೆಲ್ಡರ್ ಟೀಚರ ಹಳೆಯ ವಿದ್ಯಾರ್ಥಿ, ಅಕ್ಕನ ತರಗತಿಯವನು. ಟೀಚರ್ ಒಮ್ಮೆ ಅವನ ಗ್ಯಾರೇಜಿಗೆ ಹೋಗಿ, ಕಣ್ಣಿಗೆ ಕನ್ನಡಕ ಹಾಕದೆ ಬೆಂಕಿ ಹಾರಿಸುತ್ತೀಯಾ ಎಂದು ಬಾಯಿಗೆ, ಅಲ್ಲ, ಕೈಗೆ ಬಂದಂತೆ ಬೈದಿದ್ದರು. ಅದನ್ನು ಅವನು ಹಳೆಯ ಫೋನಿನಲ್ಲಿ ಹಿಡಿದಿಟ್ಟಿದ್ದ. ನಲವತ್ತು ಸೆಕೆಂಡಿನ ಆ ತುಣುಕನ್ನು ನಿನ್ನೆ ನಾಲ್ಕು ಗಂಟೆಗೆ ಕಳಿಸಿದ. ‘ಇನ್ನೊಂದೇ ಒಂದು’ ಎಂದು ಬುಗುರಿ ಸೇರಿಸಿದ್ದಳು, ಅದರ ಸುತ್ತ ಎರಡು ಗಂಟೆ ತಿದ್ದಿದ್ದಳು.

ಆ ಕಡತ ಕಣ್ಣಿಗೆ ಬೀಳದಿದ್ದರೆ ತಂತ್ರಾಂಶ ಅದನ್ನು ಬಿಟ್ಟು ಮುಂದೆ ಹೋಗಬಹುದು. ಅವಳು ಅದನ್ನು ಪಕ್ಕದ ಕಡತಕೋಶಕ್ಕೆ ಎತ್ತಿ ಹಾಕಿ, ಪ್ರಾಜೆಕ್ಟ್ ತೆರೆದಳು. ಈ ಸಲ ಅಕ್ಕ ಅವಳ ಭುಜ ಒತ್ತಿ ಕುರ್ಚಿಯಲ್ಲೇ ಕೂರಿಸಿದ್ದಳು. ಎಂಬತ್ತೆಂಟು. ತೊಂಬತ್ತು. ತೊಂಬತ್ತೆರಡು.

ಬಿಳಿ.

ಬುಗುರಿ ಎದ್ದು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು. ಗಂಟೆ ಹನ್ನೆರಡೂವರೆ. ಇನ್ನು ಹೆಡ್‌ಮಿಸ್‌ಗೆ ಹೇಳಲೇಬೇಕು. ಟೀಚರ್ ವ್ಯಾನಿನಿಂದ ಇಳಿದು, ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿಗೆ ಬಂದು ಕೂತು, ಖಾಲಿ ಪರದೆ ನೋಡುವುದು ಕಣ್ಣಿಗೆ ಕಟ್ಟಿತು. ಇಲ್ಲವೇ ಅಡಿಬರಹವಿಲ್ಲದ ತಮ್ಮದೇ ಮಾತು. ಯಾವುದು ಹೆಚ್ಚು ಕೆಟ್ಟದ್ದು ಎಂದು ತೂಗಲೂ ತಲೆ ಓಡಲಿಲ್ಲ.

ಅಕ್ಕ ಬೆನ್ನು ತಟ್ಟಿ ತಿರುಗಿಸಿದಳು. “ಎಲ್ಲಿ ಬಚ್ಚಿಟ್ಟೆ ಅದನ್ನ?”

“ಪಕ್ಕದಲ್ಲೇ.”

“ಪಕ್ಕದಲ್ಲಿಟ್ರೆ ಹುಡುಕಿಕೊಂಡು ಬರಲ್ವಾ? ಅದಕ್ಕೇನು ಕಣ್ಣಿಲ್ವಾ?”

ಬುಗುರಿ ತಲೆಯ ಮೇಲೆ ಕೈಹೊತ್ತಳು. ಇದೂ ಗೊತ್ತಿದ್ದ ವಿಷಯವೇ. ಕಡತ ಇದ್ದಲ್ಲಿ ಇಲ್ಲದಿದ್ದರೆ ತಂತ್ರಾಂಶ ಅಕ್ಕಪಕ್ಕ ಮೂಗು ತೂರಿಸಿ ತಾನೇ ಹುಡುಕಿ ತರುತ್ತದೆ. ಎಷ್ಟೋ ಸಲ ಆ ಉಪಕಾರಕ್ಕೆ ಅವಳೇ ಖುಷಿಪಟ್ಟಿದ್ದಳು. ತುಣುಕನ್ನು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಿಂದ ಅಳಿಸಿ, ಪೆನ್‌ಡ್ರೈವ್ ಕಿತ್ತು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು, ಜಾರಿ ಒಳಗೆ ಹೋದೀತು ಎನ್ನುವ ಹಾಗೆ. ತಂತ್ರಾಂಶ ನೆನಪಿಗೆಂದು ಮಾಡಿಕೊಂಡಿದ್ದ ತಾತ್ಕಾಲಿಕ ಕಡತಗಳನ್ನೂ ಬುಗುರಿ ಗುಡಿಸಿ ಹಾಕಿದಳು. ಮತ್ತೆ ತೆರೆದಳು.

ತೊಂಬತ್ತೆರಡಕ್ಕೆ ಬಂದ ಗೆರೆ ಒಂದು ಕ್ಷಣ ತಡೆಯಿತು. ಬಿಳಿಚಲಿಲ್ಲ. ಪುಟ್ಟ ಪೆಟ್ಟಿಗೆಯೊಂದು ಮೇಲೆದ್ದು, ಈ ಹೆಸರಿನ ಕಡತ ಸಿಗುತ್ತಿಲ್ಲ, ಎಲ್ಲಿದೆ ಎಂದು ಕೇಳಿತು.

“ಇಲ್ಲ, ಹೋಗು!” ಎಂದು ಬುಗುರಿ ಬಾಯಲ್ಲೂ ಕೈಯಲ್ಲೂ ಒಟ್ಟಿಗೆ ಹೇಳಿ, ಬಿಟ್ಟು ಮುಂದುವರಿ ಎಂಬ ಗುಂಡಿ ಒತ್ತಿದಳು.

ತೊಂಬತ್ತಾರು. ನೂರು. ಪರದೆಯ ತುಂಬ ಬಣ್ಣದ ಪಟ್ಟಿಗಳು ಹರಡಿಕೊಂಡವು; ಕೆಳಗಿನ ಸಾಲಿನಲ್ಲಿ ಆರುನೂರ ನಲವತ್ತು ಹಳದಿ ಚೂರುಗಳು, ಒಂದೂ ಕಡಿಮೆಯಿಲ್ಲದೆ. ವೆಲ್ಡರನ ತುಣುಕು ಇದ್ದ ಜಾಗ ಮಾತ್ರ ಕೆಂಪಾಗಿತ್ತು. ಬುಗುರಿ ಅಕ್ಕನನ್ನು ಎತ್ತಿ ತಿರುಗಿಸಲು ಹೋದಳು, ಎತ್ತಲಾಗಲಿಲ್ಲ. ಇಬ್ಬರೂ ಕಿರುಹೊತ್ತಗೆಯ ಚೀಲದ ಮೇಲೆ ಬಿದ್ದರು. ಕೆಳಗಿನಿಂದ ಬೀಗದವನು “ಏನ್ರೀ ಅದು, ಮಾಳಿಗೆ ಬಿತ್ತಾ?” ಎಂದು ಕೂಗಿದ.

ಗಂಟೆ ಒಂದಾಗಿತ್ತು. ಪ್ರಾಜೆಕ್ಟನ್ನು ಹೊಸ ಹೆಸರಲ್ಲಿ ಮೂರು ಕಡೆ ಉಳಿಸಿದಳು. ಪ್ರತಿ ತೆಗೆಯುವ ಹೊತ್ತು, ದಾರಿಯ ಹೊತ್ತು ಕಳೆದರೂ ಇನ್ನೂ ಒಂದು ಗಂಟೆ ಕೈಯಲ್ಲಿತ್ತು. ಆ ತುಣುಕನ್ನು ಬೇರೆ ತಂತ್ರಾಂಶದಲ್ಲಿ ಪರಿವರ್ತಿಸಿದರೆ ಸರಿಹೋಗಬಹುದು, ಹತ್ತು ನಿಮಿಷದ ಕೆಲಸ. ಕೈ ತನ್ನಷ್ಟಕ್ಕೆ ಅಕ್ಕನ ಮುಷ್ಟಿಯ ಕಡೆಗೆ ಹೋಯಿತು.

“ಕೊಡಲ್ಲ” ಎಂದಳು ಅಕ್ಕ.

“ಒಂದೇ ಒಂದ್ಸಲ ನೋಡ್ತೀನಿ.”

“ಮೊದಲು ಚಿತ್ರ ಹೊರಗೆ ಬರಲಿ. ಆಮೇಲೆ ಏನು ಬೇಕಾದ್ರೂ ಕುಣಿ.”

ಬುಗುರಿ ಕೆಂಪು ಚೂರನ್ನು ತೆಗೆದು ಎರಡು ಬದಿಯನ್ನೂ ಕೂಡಿಸಿ, ಅಂತಿಮ ಪ್ರತಿಗೆ ಹಚ್ಚಿದಳು. ಆ ಒಂದು ಗಂಟೆ ಹತ್ತು ನಿಮಿಷ ಅವಳನ್ನು ನೋಡಿಕೊಳ್ಳುವುದೇ ಅಕ್ಕನಿಗೆ ಕೆಲಸವಾಯಿತು. ಬುಗುರಿ ಮೆಟ್ಟಿಲಿಳಿದು ಹತ್ತಿದಳು, ಕಿರುಹೊತ್ತಗೆ ಎಣಿಸಿದಳು, ಎಣಿಕೆ ತಪ್ಪಿ ಮತ್ತೆ ಎಣಿಸಿದಳು. ಪ್ರತಿ ಹೊರಬಂದ ಮೇಲೆ ಮೊದಲಿನಿಂದ ಕೊನೆಯವರೆಗೆ ಅಲ್ಲಲ್ಲಿ ಓಡಿಸಿ ನೋಡಿ, ಎರಡು ಡಿಸ್ಕಿಗೆ ತುಂಬಿ, ಒಂದನ್ನು ತಾನೂ ಒಂದನ್ನು ಅಕ್ಕನೂ ಇಟ್ಟುಕೊಂಡು ಹೊರಟರು. ಆ ತುಣುಕಿನ ತಂಟೆಗೆ ಅವಳು ಹೋಗಲಿಲ್ಲ, ಹೊತ್ತೂ ಉಳಿದಿರಲಿಲ್ಲ.

ಸಭಾಂಗಣದಲ್ಲಿ ನೂರೈವತ್ತು ಜನ. ಬಾಗಿಲಲ್ಲೇ ವೆಲ್ಡರ್ ಸಿಕ್ಕಿದ. ಅವನ ತುಣುಕು ಮಾಡಿದ ಅವಾಂತರವನ್ನು ಅಕ್ಕ ಹೇಳಿದಾಗ ಅವನು ನಕ್ಕ ನಗೆಗೆ ಕಿವಿ ಕೇಳುವವರೆಲ್ಲ ತಿರುಗಿ ನೋಡಿದರು. “ಶಾಲೆಯಲ್ಲೂ ನನ್ನನ್ನ ಹೊರಗೆ ನಿಲ್ಲಿಸಿದ್ರೇನೇ ಪಾಠ ಮುಂದೆ ಹೋಗ್ತಿದ್ದದ್ದು” ಎಂದ.

ದೀಪ ಆರಿಸಿದರು. ಬುಗುರಿ ಕೂರಲಿಲ್ಲ, ಹಿಂದಿನ ಗೋಡೆಗೆ ಒರಗಿ ನಿಂತಳು. ಒಂದೊಂದು ಅಡಿಬರಹ ಬಂದಾಗಲೂ ಬೆರಳು ಮಡಚಿ ಎಣಿಸಿದಳು. ಮುಂದಿನ ಸಾಲಿನಲ್ಲಿ ಟೀಚರ ಬಿಳಿ ತಲೆ ಅಲುಗಾಡದೆ ಇತ್ತು. ಕಾಲು ಗಂಟೆ ಹಾಗೇ ಕಳೆಯಿತು. ಚಿತ್ರದಲ್ಲಿ ಟೀಚರ್ ಅಕ್ಕನ ಶಾಲೆಯ ಮೊದಲ ದಿನದ ಕಥೆಗೆ ಬಂದರು: ಆರು ವರ್ಷದ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬರಲಾರೆ ಎಂದು ಮೂರು ಗಂಟೆ ನಿಂತದ್ದು. ಮುಷ್ಟಿಯನ್ನು ಎದೆಗೆ ಗುದ್ದಿ ಅವರು ಒಂದು ಸನ್ನೆ ಮಾಡಿದರು. ಕೆಳಗೆ ಬಂತು: ‘ಇವಳಂಥ ಹಟಮಾರಿಯನ್ನು ನಾನು ಕಂಡಿಲ್ಲ.’

ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಎಡಗೈ. ಪರದೆಯ ಬೆಳಕಿಗೆ ಅಡ್ಡವಾಗಿ, ನಡುಗುತ್ತ, ನಿಲ್ಲಿಸು ಎಂದಿತು.

ಟೀಚರಿಗೆ ಏನೋ ಆಯಿತೆಂದು ಹೆಡ್‌ಮಿಸ್ ಚಿತ್ರ ನಿಲ್ಲಿಸಿ ದೀಪ ಹಾಕಿಸಿದರು. ಟೀಚರ್ ಗಾಲಿಕುರ್ಚಿಯಲ್ಲಿ ಅರ್ಧ ತಿರುಗಿ, ಜನರ ನಡುವೆ ಬುಗುರಿಯನ್ನು ಹುಡುಕಿ, ಎಡಗೈಯಿಂದ ಮಾತಾಡಿದರು. ಬೆರಳು ಸೊಟ್ಟ, ಸನ್ನೆ ನಿಧಾನ. ಒಂದು ಮಾತು ಎರಡೆರಡು ಸಲ ಕಟ್ಟಬೇಕಾಯಿತು. ಆದರೂ ಇಡೀ ಸಭಾಂಗಣ ಓದಿತು.

“ಹಟಮಾರಿ ಅಲ್ಲ. ಛಲಗಾತಿ. ತಪ್ಪು ಬರೆದಿದ್ದೀಯ.”

ಬುಗುರಿಗೆ ಎಲ್ಲಿಂದ ಧೈರ್ಯ ಬಂತೋ, ಹಿಂದಿನ ಗೋಡೆಯಿಂದಲೇ ಕೈ ಎತ್ತಿ ಉತ್ತರ ಕೊಟ್ಟಳು: “ನೀವೇ ಹೇಳಿದ್ದು ಟೀಚರ್! ನೀವೇ ಒಪ್ಪಿದ್ದು!”

“ಒಪ್ಪಿದ ದಿನ ನಿಮ್ಮಕ್ಕನ ಮೇಲೆ ನಂಗೆ ಸಿಟ್ಟಿತ್ತು.”

ನಗು ಸಾಲಿನಿಂದ ಸಾಲಿಗೆ ಹಾರಿತು. ನೂರೈವತ್ತು ಜೊತೆ ಕೈಗಳು ಗಾಳಿಯಲ್ಲಿ ಪಟಪಟ ಆಡಿದವು. ಕೈಮಾತಿನವರ ಚಪ್ಪಾಳೆ ಅದು. ಅಕ್ಕ ಮುಖ ಮುಚ್ಚಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ದೂರಕ್ಕೆ ತಿಳಿಯಲಿಲ್ಲ. ಟೀಚರ್ ಮಾತ್ರ ಕೆಲಸವಿನ್ನೂ ಬಾಕಿ ಇದೆ ಎನ್ನುವ ಹಾಗೆ ಪರದೆಯ ಕಡೆ ತಿರುಗಿ, ಮುಂದೆ ಹೋಗಲಿ ಎಂದು ಎಡಗೈ ಬೀಸಿದರು. ಚಿತ್ರ ಮುಗಿಯುವ ತನಕ ಇನ್ನೂ ನಾಲ್ಕು ಸಲ ನಿಲ್ಲಿಸಿದರು.

ಸೋಮವಾರ ಮಧ್ಯಾಹ್ನ ಬುಗುರಿ ಕಂಪ್ಯೂಟರನ್ನೇ ಹೊತ್ತುಕೊಂಡು ಟೀಚರ ಮನೆಗೆ ಹೋದಳು. ಅವರು ಎಡಗಡೆ ಮೇಜು ಹಾಕಿಸಿಕೊಂಡು ಕಾಯುತ್ತಿದ್ದರು. ಒಟ್ಟು ಹದಿನೇಳು ಅಡಿಬರಹ ಅವರಿಗೆ ಹಿಡಿಸಿರಲಿಲ್ಲ. ದಿನಕ್ಕೆ ನಾಲ್ಕೈದರಂತೆ ತಿದ್ದಿದರು. ಬೆರಳು ಸೋತಾಗ ಕೈ ಕೊಡವಿ, ಕಣ್ಣು ಮುಚ್ಚಿ ಕೂತು, ಮತ್ತೆ ಎತ್ತುತ್ತಿದ್ದರು. ಅರ್ಥವಾಗದಿದ್ದರೆ ಬುಗುರಿ ಅರ್ಥವಾಯಿತು ಎಂದು ತಲೆಯಾಡಿಸುವಂತಿರಲಿಲ್ಲ. ಹಾಗೆ ಮಾಡಿದರೆ ಅವರಿಗೆ ಕೂಡಲೇ ತಿಳಿಯುತ್ತಿತ್ತು, ಮೊಣಕೈಗೆ ಒಂದು ಪೆಟ್ಟು ಬೀಳುತ್ತಿತ್ತು.

ಗುರುವಾರ ಅಕ್ಕನೂ ಬಂದಳು. ಹದಿನಾರು ಮುಗಿದು, ಕೊನೆಗೆ ಉಳಿದದ್ದು ಅವಳದೇ ಸಾಲು. ‘ಛಲಗಾತಿ’ ಎಂದು ಬುಗುರಿ ಟೈಪ್ ಮಾಡುವಷ್ಟರಲ್ಲಿ ಅಕ್ಕ ತಡೆದಳು.

“ಬೇಡ, ಹಟಮಾರಿ ಅಂತಲೇ ಇರಲಿ. ಅದೇ ನಿಜ. ಆವತ್ತು ನಾನು ಮೂರು ಗಂಟೆ ಅಲ್ಲ, ನಾಲ್ಕು ಗಂಟೆ ನಿಂತಿದ್ದೆ.”

“ಮೂರು” ಎಂದರು ಟೀಚರ್, ಎಡಗೈಯ ಮೂರು ಬೆರಳು ನೆಟ್ಟಗೆ ಮಾಡಿ.

“ನಾಲ್ಕು.”

“ಮೂರು. ನಾನು ಗಡಿಯಾರ ನೋಡಿದ್ದೆ, ನೀನು ಅಳ್ತಿದ್ದೆ.”

ಯಾರ ಕೈ ನೋಡಬೇಕೆಂದು ತಿಳಿಯದೆ ಬುಗುರಿ ಇಬ್ಬರ ನಡುವೆ ಕತ್ತು ತಿರುಗಿಸುತ್ತ ಕೂತಳು. ಆ ಮಧ್ಯಾಹ್ನ ಒಂದು ಸಾಲೂ ಬದಲಾಗಲಿಲ್ಲ.